ಪ್ರೇಕ್ಷಾಳ ಕಣ್ಣಿನ ಬಿಳುಪು

ಡೊಂಬಿವಲಿ ಪೂರ್ವ
19 ಜೂನ್ 2025

ಮಾಮಿಗೆ ನಿಮ್ಮ ಸೊಸೆಯ ನಮಸ್ಕಾರ.

ಮಧ್ಯಾಹ್ನ ನಿಮ್ಮಲ್ಲಿಗೆ ಊಟಕ್ಕೆ ಬಂದಾಗ ಇವರು ಆಫೀಸಿನ ಬ್ಯಾಗಿನಿಂದ ಈ ಕಾಗದ ತೆಗೆದು ಕೊಡುತ್ತಾರೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಕಿವಿಯ ಯಂತ್ರ ಕುಂಯ್ ಎನ್ನುತ್ತದೆ. ನೀವು "ಹಾಂ? ಹಾಂ?" ಎನ್ನುತ್ತೀರಿ, ನಾನು ಕಿರುಚುತ್ತೇನೆ. ಕೊನೆಗೆ ನಮ್ಮ ಬಿಲ್ಡಿಂಗಿನ ನಾಲ್ಕೂ ಮಾಳಿಗೆಗೆ ಕೇಳಿಸಿದ್ದು ಐರೋಲಿಯ ನಿಮಗೊಬ್ಬರಿಗೆ ಮಾತ್ರ ಕೇಳಿಸಿರುವುದಿಲ್ಲ. ಇವರಿಗೆ ಕನ್ನಡ ಓದಲು ಬರುವುದಿಲ್ಲವೆಂದು ಮದುವೆಯ ಹೊಸದರಲ್ಲಿ ನನಗೆ ಬೇಸರವಿತ್ತು. ಈಗ ಅದೇ ಅನುಕೂಲ. ಲಕೋಟೆಗೆ ಅಂಟು ಹಚ್ಚಿಲ್ಲ.

ಪ್ರೇಕ್ಷಾಳ ಮೂಗಿನ ಕಥೆ ನಿಮಗೆ ಗೊತ್ತೇ ಇದೆ. ಶಾಲೆ ಶುರುವಾದ ಮೇಲೆ ಇನ್ನೂ ಜೋರಾಗಿದೆ. ಹಾಸಿಗೆಯಿಂದ ಏಳುವಾಗಲೇ ಸೀನು. ನಿನ್ನೆ ಮೂವತ್ತೊಂದು ಎಣಿಸಿದೆ. ಎಂಐಡಿಸಿ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಕಿಟಕಿ ಮುಚ್ಚಿದರೂ ಪ್ರಯೋಜನವಿಲ್ಲ. ಡಾಕ್ಟರು ಇದು ಅಲರ್ಜಿಕ್ ರೈನೈಟಿಸ್, ಧೂಳಿಗೆ ಮೂಗು ಸಿಟ್ಟಾಗುವುದು ಅಂತ ಹೇಳಿ ಒಂದು ಸ್ಪ್ರೇ ಕೊಟ್ಟಿದ್ದಾರೆ. ನಾನು ಮೊಸರು, ಬಾಳೆಹಣ್ಣು ನಿಲ್ಲಿಸಿದೆ. ರಾತ್ರಿ ಅನ್ನ ಕೊಟ್ಟರೆ ಕಫವಾಗುತ್ತದೆಂದು ಪಕ್ಕದ ಮನೆಯವರು ಹೇಳಿದರು, ಹಾಗಾಗಿ ಈಗ ರಾತ್ರಿ ಬರೀ ಗಂಜಿಯ ತಿಳಿ.

ಬರೆಯಬೇಕಾದದ್ದು ಇದಲ್ಲ. ಭಾನುವಾರ ಬೆಳಿಗ್ಗೆ ಅವಳಿಗೆ ತಲೆ ಬಾಚುತ್ತಿದ್ದೆ. ಕನ್ನಡಿಯಲ್ಲಿ ಅವಳ ಕಣ್ಣು ಕಂಡಿತು. ಕಣ್ಣಿನ ಬಿಳುಪು ಬಿಳಿಯಾಗಿರಲಿಲ್ಲ ಮಾಮಿ, ಹಳದಿ. ಬಾಲ್ಕನಿಗೆ ಕರೆದುಕೊಂಡು ಹೋಗಿ ಬಿಸಿಲಿಗೆ ಹಿಡಿದು ನೋಡಿದೆ. ಹಳದಿಯೇ. ಇವರನ್ನು ಎಬ್ಬಿಸಿದರೆ, "ಅರೇ ಯಾರ್, ಟ್ಯೂಬ್‌ಲೈಟ್ ಬದಲಾಯಿಸು, ಮಗಳನ್ನಲ್ಲ" ಎಂದು ಮಗ್ಗುಲಾದರು. ಟ್ಯೂಬ್‌ಲೈಟನ್ನೂ ಬದಲಾಯಿಸಿ ನೋಡಿದೆ.

ಅವಳು ಹುಟ್ಟಿದ ಮೂರನೇ ದಿನ ಮೈಯೆಲ್ಲ ಹಳದಿಯಾಗಿ, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದ್ದರಲ್ಲ. ನೀವು ಗಾಜಿನ ಹೊರಗೆ ಒಂದು ಮಾತೂ ಆಡದೆ ನಿಂತಿದ್ದಿರಿ. ಹಾಗೆ ಹುಟ್ಟುವಾಗ ಕಾಮಾಲೆಯಾದ ಮಕ್ಕಳಲ್ಲಿ ಮುಂದೆ ಈ ಮೂಗಿನ ಅಲರ್ಜಿ ಬೇರೆ ಮಕ್ಕಳಿಗಿಂತ ಹೆಚ್ಚು ಕಂಡುಬಂದಿದೆಯಂತೆ, ಮೊಬೈಲಿನಲ್ಲಿ ಓದಿದೆ. ಆ ಹಳದಿಗೆ ಬಿಲಿರುಬಿನ್ ಎಂದು ಹೆಸರು. ಓದಿದ ಮೇಲೆ ಅವಳ ಮೂಗು ಬೇರೆ, ಕಣ್ಣು ಬೇರೆ ಎಂದು ನನಗೆ ಅನಿಸುವುದೇ ಇಲ್ಲ. ಒಳಗೆ ಒಂದೇ ಏನೋ ಇದೆ, ಒಂಬತ್ತು ವರ್ಷದಿಂದ ಕಾಯುತ್ತಾ ಕೂತಿದೆ ಅನಿಸುತ್ತದೆ.

ಡಾಕ್ಟರ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು, ಮನೆತನದಲ್ಲಿ ಯಾರಿಗಾದರೂ ಲಿವರಿನ ತೊಂದರೆ ಇದೆಯೇ ಅಂತ. ನನ್ನ ತವರು ಬೆಳ್ಮಣ್ಣಿನ ಕಡೆ ಇಲ್ಲ. ಇವರನ್ನು ಕೇಳಿದರೆ "ಇಲ್ಲ ಅಂತ ಬರಿ" ಎಂದರು. ಬರೆದೆ. ಆದರೂ ನಿಮ್ಮನ್ನು ಕೇಳದೆ ಮನಸ್ಸಿಗೆ ಸಮಾಧಾನವಿಲ್ಲ. ನಿಮ್ಮ ಕಡೆ ಯಾರಿಗಾದರೂ ಇತ್ತೇ?

ಉತ್ತರವನ್ನು ಇವರ ಕೈಯಲ್ಲೇ ಕೊಡಿ.

ನಿಮ್ಮ
ನಿಶ್ಮಿತಾ


ಐರೋಲಿ
24-6-2025

ಚಿ. ನಿಶ್ಮಿತಾಳಿಗೆ ಆಶೀರ್ವಾದ.

ಕಾಗದ ಓದಿದೆ. ನಮ್ಮದರಲ್ಲಿ ಅಂಥದ್ದು ಯಾರಿಗೂ ಇಲ್ಲ. ಹೊಸ ಮಗುವಿಗೆ ಹಳದಿ ಆಗುವುದು ಊರಲ್ಲಿರುವುದೇ. ಅದಕ್ಕೂ ಸೀನಿಗೂ ಏನು ಸಂಬಂಧ? ನೀನು ಮೊಬೈಲ್ ಓದುವುದು ಸ್ವಲ್ಪ ಕಡಿಮೆ ಮಾಡು. ಓದಿದವರಿಗೇ ಹೆದರಿಕೆ ಹೆಚ್ಚು.

ಒಂದು ಮಾತು. ಮಗುವಿಗೆ ರಾತ್ರಿ ಊಟ ಬಿಡಿಸಬೇಡ. ಯಾಕೆ ಅಂತ ಕೇಳಬೇಡ. ದೊಡ್ಡವರು ಹೇಳಿದ್ದು ಅಂತ ಕೇಳು.

ರಿತೇಶನ ಕೈಯಲ್ಲಿ ಪತ್ರೊಡೆ ಕಳಿಸಿದ್ದೇನೆ. ಕೆಸುವಿನ ಎಲೆ ಇಲ್ಲೇ ಸೇತುವೆಯ ಹತ್ತಿರ ಸಿಕ್ಕಿತು. ಮಗುವಿಗೆ ಕೊಡು, ಎಣ್ಣೆಯಲ್ಲಿ ಹುರಿದೇ ಕೊಡು.

ಹೀಗೆ ಹೇಳುವ
ನಳಿನಾಕ್ಷಿ


ಡೊಂಬಿವಲಿ
8 ಆಗಸ್ಟ್

ಮಾಮಿಗೆ,

ಪತ್ರೊಡೆಯನ್ನು ನಾನೇ ತಿಂದೆ. ಅವಳಿಗೆ ಕೊಡಲಿಲ್ಲ. ಸುಳ್ಳು ಹೇಳಬಾರದು ಎಂದು ಬರೆದಿದ್ದೇನೆ.

ಆರು ವಾರದಿಂದ ನಾನು ಒಂದು ಕೆಲಸ ಮಾಡುತ್ತಿದ್ದೇನೆ, ಇವರಿಗೆ ಗೊತ್ತಿಲ್ಲ. ಬೆಳಿಗ್ಗೆ ಏಳು ಹನ್ನೆರಡರ ಲೋಕಲ್ಲಿಗೆ ಹೋದವರು ಬರುವಾಗ ಮಗು ಮಲಗಿರುತ್ತದೆ. ಅವಳ ತಟ್ಟೆಯಲ್ಲಿ ಏನಿತ್ತು ಎಂದು ಅವರು ನೋಡುವುದು ಭಾನುವಾರ ಮಾತ್ರ. ಆ ದಿನ, ಮೂಗು ಕಟ್ಟಿ ಅವಳಿಗೆ ಬಾಯಿರುಚಿ ಇಲ್ಲ ಎನ್ನುತ್ತೇನೆ.

ವಿಠ್ಠಲವಾಡಿಯಲ್ಲಿ ಚಂದ್ರಬಾಯಿ ಎನ್ನುವವರಿದ್ದಾರೆ, ಕಾಮಾಲೆ ಇಳಿಸುತ್ತಾರೆ. ಮಂಗಳವಾರ ಮತ್ತು ಶನಿವಾರ ಅವರ ಜಗಲಿಯಲ್ಲಿ ಸಾಲು. ಮಗುವಿನ ಎರಡೂ ಅಂಗೈಗೆ ಯಾವುದೋ ಮರದ ತೊಗಟೆಯ ಪುಡಿ ಹಚ್ಚಿ, ಮೇಲೆ ಸುಣ್ಣದ ನೀರು ಹೊಯ್ದು ಉಜ್ಜುತ್ತಾರೆ. ಕೆಳಗಿನ ಬೋಗುಣಿಯಲ್ಲಿ ನೀರು ಅರಿಸಿನದಂತೆ ಹಳದಿಯಾಗುತ್ತದೆ. "ಪಾಹಾ ಬಾಯೀ, ಕಿತೀ ಕಾವೀಳ ಉತರಲೀ," ಎಷ್ಟೊಂದು ಕಾಮಾಲೆ ಇಳಿಯಿತು ನೋಡು ಎಂದು ತೋರಿಸುತ್ತಾರೆ. ನೋಡಿದಾಗ ನನಗೆ ಅಳು ಬಂತು. ಇಷ್ಟೊಂದು ಅವಳ ಒಳಗಿತ್ತೇ ಎಂದು.

ಪಥ್ಯ ಬಹಳ ಕಠಿಣ. ಎಣ್ಣೆ, ತುಪ್ಪ, ಉಪ್ಪು, ಅರಿಸಿನ, ಬೇಳೆ ಯಾವುದೂ ಇಲ್ಲ. ಹುರಿದ ಕಡಲೆ ಒಂದು ಮುಷ್ಟಿ, ಬೆಳಿಗ್ಗೆ ಗಂಜಿ ಸ್ವಲ್ಪ. ಸಂಜೆ ಆರರ ಮೇಲೆ ನೀರು ಮಾತ್ರ. ಮೂಗಿನ ಸ್ಪ್ರೇಯನ್ನೂ ನಿಲ್ಲಿಸಿದೆ, ಬಳಲಿದ ಲಿವರಿಗೆ ಇನ್ನೊಂದು ಔಷಧಿ ಯಾಕೆ ಎಂದು. ಈಗ ಸೀನು ಸೀನಿ ಅವಳ ಮೂಗಿನ ತುದಿ ಸಿಪ್ಪೆ ಏಳುತ್ತಿದೆ. ಬಾಯಿ ತೆರೆದೇ ಮಲಗುತ್ತಾಳೆ, ನಾನು ಆ ಉಸಿರು ಕೇಳುತ್ತಾ ಕೂರುತ್ತೇನೆ.

ಒಂದು ವಿಷಯ ಮಾತ್ರ ನನಗೆ ಅರ್ಥವಾಗುವುದಿಲ್ಲ. ಪಥ್ಯ ಶುರು ಮಾಡಿದ ಮೇಲೆ ಕಣ್ಣು ಇನ್ನೂ ಹಳದಿಯಾಗಿದೆ. ಚಂದ್ರಬಾಯಿ, ಒಳಗಿನದ್ದು ಹೊರಗೆ ಬರುತ್ತಿದೆ, ಪಥ್ಯ ಇನ್ನೂ ಬಿಗಿ ಮಾಡು ಎಂದರು. ಬಿಗಿ ಮಾಡಿದೆ. ಹಾಗಾಗಿ ಬೆಳಗಿನ ಗಂಜಿಯೂ ಅರ್ಧವಾಯಿತು.

ಮೊನ್ನೆ ಪ್ರೇಕ್ಷಾ, "ಮಮ್ಮಾ, ಬಸ್ ನಾ, ಭೂಖ್ ಲಗೀ ಹೈ," ಸಾಕು, ಹಸಿವಾಗುತ್ತಿದೆ ಎಂದಳು. ನಾನು ಅವಳ ಮೇಲೆ ರೇಗಿದೆ. ಆಮೇಲೆ ಬಾತ್‌ರೂಮಿನ ನಲ್ಲಿ ಬಿಟ್ಟು ಅತ್ತೆ.

ನೀವು ಊಟ ಬಿಡಿಸಬೇಡ ಎಂದಿರಿ. ಯಾಕೆ ಎಂದು ಹೇಳಲಿಲ್ಲ. ಕಾರಣ ಹೇಳಿದ್ದರೆ ಕೇಳುತ್ತಿದ್ದೆನೋ ಏನೋ. ಕಾರಣವಿಲ್ಲದ ಮಾತಿಗೆ ಮಗಳ ಜೀವ ಕೊಡಲು ನನಗೆ ಧೈರ್ಯವಿಲ್ಲ.

ಇದನ್ನು ಇವರಿಗೆ ಹೇಳಬೇಡಿ.

ನಿಶ್ಮಿತಾ


ಕಲ್ಯಾಣ, ಆಸ್ಪತ್ರೆಯಿಂದ
2 ಸೆಪ್ಟೆಂಬರ್

ಮಾಮಿ,

ನಿನ್ನೆ ಶಾಲೆಯ ಪ್ರಾರ್ಥನೆಯಲ್ಲಿ ಪ್ರೇಕ್ಷಾ ಬಿದ್ದಳು. ಎಚ್ಚರ ಇದೆ, ಗ್ಲೂಕೋಸ್ ಹಾಕಿದ್ದಾರೆ. ಕಣ್ಣು ನಿಂಬೆಹಣ್ಣಿನ ಹಾಗಿದೆ. ಬಿಲಿರುಬಿನ್ ಒಂದರೊಳಗಿರಬೇಕಂತೆ, ಇವಳದ್ದು ಮೂರು ಪಾಯಿಂಟ್ ಎಂಟು. ಇನ್ನೂ ಏನೇನೋ ರಕ್ತಪರೀಕ್ಷೆ, ಲಿವರಿನ ಸ್ಕ್ಯಾನ್. ನಾಳೆ ಹೇಳುತ್ತಾರೆ.

ಊಟ ಏನು ಕೊಡುತ್ತೀರಿ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗು ಎಲ್ಲವನ್ನೂ ಪಾಠದ ಹಾಗೆ ಒಪ್ಪಿಸಿತು. ಡಾಕ್ಟರು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಮತ್ತೆ ಮನೆತನದ ಪ್ರಶ್ನೆ ಬಂತು. ಇವರು ರಿಪೋರ್ಟು ಕೈಯಲ್ಲಿ ಹಿಡಿದು ನಿಂತೇ ಇದ್ದರು. ಕಿವಿ ಕೆಂಪಾಯಿತು. "ಮಮ್ಮಿಗೆ ಫೋನ್ ಮಾಡಿ ಬರುತ್ತೇನೆ" ಎಂದು ಹೊರಗೆ ಹೋದರು, ಅರ್ಧ ಗಂಟೆ ಬರಲಿಲ್ಲ. ನಿಮಗೆ ಫೋನಿನಲ್ಲಿ ಏನು ಕೇಳಿಸುತ್ತದೆ ಮಾಮಿ?

ಅವಳಿಗೆ ಏನಾದರೂ ಆದರೆ ನಾನು ಇರುವುದಿಲ್ಲ. ಇದನ್ನು ನಾಟಕಕ್ಕೆ ಬರೆಯುತ್ತಿಲ್ಲ.

ನಿ.


ಐರೋಲಿ
4-9-2025

ನಿಶ್ಮಿತಾ,

ನಿನ್ನೆ ಸಂಜೆ ರಿತೇಶ ಬಂದ. ನೀರೂ ಕುಡಿಯಲಿಲ್ಲ. ನನಗೆ ಕೇಳಿಸಲಿ ಅಂತ ಕ್ಯಾಲೆಂಡರಿನ ಹಿಂದೆ ದೊಡ್ಡದಾಗಿ ಹಿಂದಿಯಲ್ಲಿ ಬರೆದು ತೋರಿಸಿದ. 'ಈಗ ನೀನೇ ಹೇಳು. ನನ್ನಿಂದ ಆಗುವುದಿಲ್ಲ.' ಹೇಳುತ್ತೇನೆ.

ರಿತೇಶ ಹತ್ತನೆಯ ಪರೀಕ್ಷೆ ಬರೆಯುವಾಗ ಓದಿನ ಗಡಿಬಿಡಿಯಲ್ಲಿ ಊಟ ಬಿಟ್ಟ. ಕಣ್ಣು ಹಳದಿಯಾಯಿತು. ಆಗ ನಮ್ಮದು ಕಲ್ಯಾಣ ಸ್ಟೇಷನ್ನಿನ ಹೊರಗೆ ಹೋಟೆಲ್. ಸಂಜೆ ಗಲ್ಲೆಯಲ್ಲಿ ದುಡ್ಡು ತೆಗೆದುಕೊಳ್ಳಲಿಕ್ಕೆ ಅವನು ಕೂರುತ್ತಿದ್ದ. ಗಿರಾಕಿಗಳು ನಿನ್ನ ಮಾವನ ಹತ್ತಿರ, "ಶೇಠ್, ಹುಡುಗನಿಗೆ ಕಾವೀಳ ಇದೆ, ಇಲ್ಲಿ ನೀರು ಕುಡಿಯಬಹುದಾ?" ಅಂತ ಕೇಳಲಿಕ್ಕೆ ಶುರು ಮಾಡಿದರು. ಠಾಣೆಯ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಅವರು ಒಂದು ಇಂಗ್ಲಿಷ್ ಹೆಸರು ಹೇಳಿದರು, ಗಿಲ್ಬರ್ಟ್. ರೋಗ ಅಲ್ಲ, ಹುಟ್ಟುಗುಣ, ಅಂಟುವುದಿಲ್ಲ, ಲಿವರ್ ಹಾಳಾಗುವುದಿಲ್ಲ. ಉಪವಾಸ ಕೆಡವಬೇಡಿ, ಊಟ ಬಿಟ್ಟರೆ ಕಣ್ಣು ಹಳದಿ ಆಗ್ತದೆ, ಅಷ್ಟೇ ಅಂದರು. ಮಕ್ಕಳಿಗೂ ಬರಬಹುದು ಅಂತಲೂ ಅಂದರು.

ಅಷ್ಟಮಿಯ ದಿನ ನಾವೆಲ್ಲ ಉಪವಾಸ ಇರುವಾಗ ಅವನೊಬ್ಬನಿಗೆ ಬೆಳಿಗ್ಗೆಯೇ ದೋಸೆ ಹೊಯ್ದು ಕೊಡುತ್ತೇನೆ. ಮಗನನ್ನು ಮುದ್ದು ಮಾಡಿ ಹಾಳು ಮಾಡಿದ್ದೇನೆ ಅಂತ ನೀನು ನಿನ್ನ ತಂಗಿಯ ಹತ್ತಿರ ಹೇಳಿದ್ದು ನನಗೆ ಗೊತ್ತು. ಆಗ ಕಿವಿ ಸರಿ ಇತ್ತು.

ಎರಡು ಸಂಬಂಧ ತಪ್ಪಿಹೋಯಿತು, ನಿಶ್ಮಿತಾ. ಹೋಟೆಲಿನ ಸುದ್ದಿ ಊರಿಗೆ ಮುಟ್ಟಿ, 'ಅವರದ್ದು ಲಿವರಿನ ಮನೆ' ಅಂತ ಆಯಿತು. ಬೆಳ್ಮಣ್ಣಿಗೆ ನಿನ್ನನ್ನು ನೋಡಲಿಕ್ಕೆ ಬರುವಾಗ ರೈಲಿನಲ್ಲಿ ಅವನು ಸರಿಯಾಗಿ ಊಟ ಮಾಡಿರಲಿಲ್ಲ. ಬೆಳಿಗ್ಗೆ ಇಳಿಯುವಾಗ ಕಣ್ಣು ನೋಡಿ ನನ್ನ ಜೀವ ಹೋಯಿತು. ಉಡುಪಿಯಲ್ಲಿ ಅಂಗಡಿ ಬಾಗಿಲು ತೆಗೆಯುವವರೆಗೆ ಕಾದು ಕಂದು ಗಾಜಿನ ಕನ್ನಡಕ ತೆಗೆದುಕೊಟ್ಟೆ. ನಿನ್ನ ತಂಗಿಯರು 'ಹೀರೋ ಬಂದ' ಅಂತ ನಗಾಡಿದರು. ನಾನೂ ನಗಾಡಿದೆ.

ನೀಲಿ ದೀಪದ ಕೆಳಗೆ ಮಗುವನ್ನು ಮಲಗಿಸಿದಾಗ ನಾನು ಗಾಜಿನ ಹೊರಗೆ ಯಾಕೆ ಮಾತಾಡಲಿಲ್ಲ ಅಂತ ಈಗ ನಿನಗೆ ಗೊತ್ತಾಗಿರಬೇಕು. ಅಷ್ಟು ಎಳೆಯ ಮಕ್ಕಳ ಹಳದಿ ಬೇರೆಯೂ ಇರಬಹುದು, ನನಗೆ ಗೊತ್ತಿಲ್ಲ. ನನಗೆ ಕಂಡದ್ದು ನನ್ನ ಸುಳ್ಳು.

ಹೇಳಬಹುದಿತ್ತು. ಮೊದಲ ವರ್ಷ ನೀನು ಬಿಟ್ಟುಹೋಗುತ್ತಿ ಅಂತ ಹೆದರಿದೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳುತ್ತಿ ಎಂದು ಹೆದರಿದೆ. ಜೂನಿನಲ್ಲಿ ನೀನು ನೇರವಾಗಿ ಕೇಳಿದೆ. ಆವಾಗಲೂ ಕೈ ಬರೆದದ್ದು 'ಇಲ್ಲ' ಅಂತ. ಆಗಸ್ಟಿನಲ್ಲಿ ನಿನ್ನ ಪಥ್ಯದ ಕಾಗದ ಬಂದಾಗ ಉತ್ತರ ಬರೆದು ಬರೆದು ಹರಿದು ಹಾಕಿದೆ.

ಈ ಕಾಗದವನ್ನು ಡಾಕ್ಟರಿಗೆ ಓದಿ ಹೇಳು.

ನಳಿನಾಕ್ಷಿ


ಡೊಂಬಿವಲಿ
29 ಸೆಪ್ಟೆಂಬರ್

ಮಾಮಿಗೆ,

ಮೂರು ವಾರ ಬರೆಯಲಿಲ್ಲ. ಬರೆದು ಹರಿದದ್ದು ಇದೆ. ಅವುಗಳಲ್ಲಿ ನಿಮ್ಮನ್ನು ಮಾಮಿ ಎಂದು ಕರೆದಿರಲಿಲ್ಲ.

ಡಾಕ್ಟರು ನಿಮ್ಮ ಕಾಗದದ ವಿಷಯ ಕೇಳಿ, ಇವಳದ್ದೂ ಅದೇ ಗಿಲ್ಬರ್ಟ್ ಎಂದರು. ಉಳಿದ ಪರೀಕ್ಷೆಗಳಲ್ಲಿ ಲಿವರು ಸರಿಯಾಗಿಯೇ ಇದೆ. ರಕ್ತದ ಹಳೆಯ ಕಣಗಳು ಒಡೆದಾಗ ಈ ಹಳದಿ ಹುಟ್ಟುತ್ತದೆ, ಲಿವರು ಅದನ್ನು ಹದ ಮಾಡಿ ಹೊರಗೆ ಕಳಿಸಬೇಕು. ನಮ್ಮ ಮಗಳ ಲಿವರು ಆ ಒಂದು ಕೆಲಸದಲ್ಲಿ ನಿಧಾನ, ಅಷ್ಟೇ. ಸಾಮಾನ್ಯವಾಗಿ ಇನ್ನೂ ದೊಡ್ಡವರಾದ ಮೇಲೆ ಕಣ್ಣಿಗೆ ಬೀಳುವಂಥದ್ದು. ಹೊಟ್ಟೆ ಖಾಲಿ ಇದ್ದರೆ ಇನ್ನೂ ನಿಧಾನ. "ನೀವು ಪಥ್ಯ ಬಿಗಿ ಮಾಡಿದಷ್ಟೂ ಹಳದಿ ಏರಿದೆ. ಹಳದಿ ಏರಿತೆಂದು ನೀವು ಮತ್ತೆ ಬಿಗಿ ಮಾಡಿದ್ದೀರಿ." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂಗಿನ ಸಂಗತಿ ಕೇಳಿದೆ, ನಾನು ಓದಿದ್ದನ್ನು ತೋರಿಸಿದೆ. ಅವರು, "ಲಕ್ಷಗಟ್ಟಲೆ ಮಕ್ಕಳನ್ನು ಲೆಕ್ಕ ಹಾಕಿದಾಗ ಎರಡೂ ಜೊತೆಯಾಗಿ ಸ್ವಲ್ಪ ಹೆಚ್ಚು ಕಂಡಿದೆ, ನಿಜ. ಒಂದರಿಂದ ಇನ್ನೊಂದು ಬಂತೆಂದು ಅದರಿಂದ ಸಾಬೀತಾಗುವುದಿಲ್ಲ. ಬಿಲಿರುಬಿನ್ ಸ್ವಲ್ಪ ಹೆಚ್ಚಿದ್ದರೆ ಮೈಗೆ ಒಳ್ಳೆಯದು ಎನ್ನುವ ಅಧ್ಯಯನಗಳೂ ಇವೆ, ಅದನ್ನು ಓದಲಿಲ್ಲವೇ?" ಎಂದರು. ಓದಿರಲಿಲ್ಲ. ಅಂಥದ್ದು ನನ್ನ ಕಣ್ಣಿಗೆ ಬೀಳುವುದಿಲ್ಲ. ಸ್ಪ್ರೇ ಮತ್ತೆ ಶುರುವಾಗಿದೆ, ಸೀನು ನಾಲ್ಕೈದಕ್ಕೆ ಇಳಿದಿದೆ.

ಚಂದ್ರಬಾಯಿ ಮನೆಗೆಂದು ಕಟ್ಟಿಕೊಟ್ಟ ಪುಡಿ ಉಳಿದಿತ್ತು. ಮೊನ್ನೆ ನನ್ನ ಕೈಗೆ ಹಚ್ಚಿ ಸುಣ್ಣದ ನೀರು ಹೊಯ್ದೆ. ಅದೇ ಹಳದಿ. ಕಾಮಾಲೆಯೇ ಇಲ್ಲದ ನನ್ನ ಕೈಯಿಂದ ಬೇಸಿನ್ ತುಂಬ ಹಳದಿ. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದವಳು ಮಾಮಿ. ಮೂಡುಬಿದಿರೆ ಕಾಲೇಜಿನ ಲ್ಯಾಬಿನಲ್ಲಿ ಎಷ್ಟು ಬಾರಿ ಹೀಗೆ ಬಣ್ಣ ಬದಲಾಯಿಸಿದ್ದೇನೆ. ಜಗಲಿಯಲ್ಲಿ ಕೂತಾಗ ಒಂದು ಸಲವೂ ನೆನಪಾಗಲಿಲ್ಲ. ಅವರು ಬೋಗುಣಿಯಲ್ಲಿ ತೋರಿಸಿದ್ದು ನನ್ನ ಹೆದರಿಕೆಗೆ ಬೇಕಾದದ್ದನ್ನೇ.

ಇವರ ಜೊತೆ ಮಾತಾಡಿದೆ. "ಮಮ್ಮಿಗೆ ಮಾತು ಕೊಟ್ಟಿದ್ದೆ. ಆಮೇಲೆ ಮರೆತೇಹೋಯಿತು, ಇಟ್ಸ್ ನಥಿಂಗ್ ಅಂತಾನೇ ನನಗೆ ಗೊತ್ತಿತ್ತು" ಎನ್ನುತ್ತಾರೆ. ಅವರಿಗೆ ಏನೂ ಅಲ್ಲದ್ದೇ ನಾನು ಮೂರು ತಿಂಗಳು ಹಗಲೂ ಇರುಳೂ ಹೊತ್ತುಕೊಂಡು ಓಡಾಡಿದ್ದು. ಅವರಿಗೆ ನಿದ್ದೆ ಬರುತ್ತಿತ್ತು. ಯಾಕೆ ಬರುತ್ತಿತ್ತೆಂದು ಈಗ ಗೊತ್ತಾಯಿತು.

ಎಲ್ಲ ತಿಳಿದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಿಲ್ಲ, ಜಾಗ ಬದಲಾಯಿಸಿದೆ.

ಪ್ರೇಕ್ಷಾ ಊಟ ಮಾಡುತ್ತಿಲ್ಲ. ತಟ್ಟೆ ಮುಂದಿಟ್ಟರೆ, "ಇದರಲ್ಲಿ ಎಣ್ಣೆ ಇದೆಯಾ? ಇದು ತಿಂದರೆ ಆಗುತ್ತಾ?" ಎಂದು ಕೇಳುತ್ತಾಳೆ. ಆಗುತ್ತೆ ಮಗಾ, ತಿನ್ನು ಎಂದರೆ, "ಆವಾಗ ನೀನೇ ಬೇಡ ಅಂದಿದ್ದೆಯಲ್ಲ" ಎನ್ನುತ್ತಾಳೆ. ಎರಡು ತುತ್ತು ತಿಂದು ಕನ್ನಡಿಯ ಮುಂದೆ ಹೋಗಿ ನಿಲ್ಲುತ್ತಾಳೆ. ಬೆಳಿಗ್ಗೆ ನಾನು ಕರ್ಟನ್ ಸರಿಸಿದ ಸದ್ದಿಗೆ, ಕಣ್ಣು ಪೂರ್ತಿ ಬಿಡುವ ಮೊದಲೇ, ತಾನೇ ಬೆರಳಿನಿಂದ ಕೆಳಗಿನ ರೆಪ್ಪೆ ಎಳೆದು ನನ್ನ ಕಡೆ ತಿರುಗಿಸುತ್ತಾಳೆ. ನಾನು ಕೇಳಿರುವುದಿಲ್ಲ.

ತಿನ್ನದಿದ್ದರೆ ಹಳದಿ ಆಗುತ್ತದೆ. ಹಳದಿ ಆದರೆ ಅವಳು ಇನ್ನೂ ತಿನ್ನುವುದಿಲ್ಲ. ನಾನು ಮಾಡಿದ್ದನ್ನೇ ಅವಳು ಕಲಿತಿದ್ದಾಳೆ.

ನಿಮ್ಮನ್ನು ಕ್ಷಮಿಸಿದ್ದೇನೆಂದು ಬರೆಯಲು ಆಗುವುದಿಲ್ಲ. ನನ್ನನ್ನೇ ಕ್ಷಮಿಸಲು ಆಗುತ್ತಿಲ್ಲ, ನಿಮ್ಮ ಸರದಿ ದೂರ ಇದೆ.

ನಿಶ್ಮಿತಾ


ಐರೋಲಿ
6-10-2025

ನಿಶ್ಮಿತಾ,

ಕ್ಷಮೆ ಬೇಕು ಅಂತ ನಾನು ಕೇಳಿಲ್ಲ.

ದೀಪಾವಳಿ ರಜೆ ಬರ್ತಾ ಉಂಟಲ್ಲ. ಮಗುವನ್ನು ಇಲ್ಲಿ ಬಿಡು. ನಿನ್ನ ಮನೆಯಲ್ಲಿ ಅವಳು ತಟ್ಟೆ ನೋಡುವ ಮೊದಲು ನಿನ್ನ ಮುಖ ನೋಡುತ್ತಾಳೆ. ಇಲ್ಲಿ ನನ್ನ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ಅವಳು ಪಿಸುಗುಟ್ಟಿದ್ದು ನನಗೆ ಕೇಳುವುದೂ ಇಲ್ಲ. 'ಎಣ್ಣೆ ಉಂಟಾ' ಅಂತ ನಾಲ್ಕು ಸಲ ಕೂಗಬೇಕಾದರೆ ಅವಳಿಗೇ ಸಾಕಾಗಿ ತಿಂದುಬಿಡುತ್ತಾಳೆ.

ನಂಬಿಕೆ ಇಲ್ಲದಿದ್ದರೆ ಬೇಡ. ಸುಳ್ಳು ಹೇಳಿದವಳ ಮನೆಗೆ ಮಗಳನ್ನು ಕಳಿಸು ಅಂತ ಹೇಳಲಿಕ್ಕೆ ನನಗೂ ನಾಚಿಕೆ ಆಗ್ತದೆ.

ನಳಿನಾಕ್ಷಿ


ಡೊಂಬಿವಲಿ
16 ಅಕ್ಟೋಬರ್

ಮಾಮಿಗೆ,

ಹತ್ತು ದಿನ ಯೋಚಿಸಿದೆ. ನಿಮ್ಮ ಮೇಲಿನ ಸಿಟ್ಟನ್ನು ಒಂದು ಕಡೆ ಇಟ್ಟು ನೋಡಲು ಪ್ರಯತ್ನಿಸಿದೆ. ಆಗಲಿಲ್ಲ. ಸಿಟ್ಟನ್ನು ಜೊತೆಯಲ್ಲಿಟ್ಟುಕೊಂಡೇ ನೋಡಿದೆ, ಆಗಲೂ ನೀವು ಬರೆದದ್ದು ಸರಿ ಎಂದೇ ಕಂಡಿತು.

ನಿನ್ನೆ ಅವಳಿಗೆ ನೀರುದೋಸೆ ಹೊಯ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ನಕ್ಕೆ. ನಗು ಸರಿಯಾಗಿ ಬರಲಿಲ್ಲವೆಂದು ನನಗೇ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ದೋಸೆಯನ್ನು ಮಡಚಿ ತಟ್ಟೆಯ ಅಂಚಿಗೆ ಸರಿಸಿದಳು. ಒಂಬತ್ತು ವರ್ಷದ ಮಗು, ನನಗೆ ನೋವಾಗಬಾರದೆಂದು ಎಷ್ಟು ಮೆಲ್ಲಗೆ ಸರಿಸಿದಳು ಗೊತ್ತೇ?

ಶನಿವಾರ ಇವರು ಅವಳನ್ನು ಕರೆದುಕೊಂಡು ಬರುತ್ತಾರೆ. ನಾನು ಬರುವುದಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸುವ ತನಕ ಬರೋಣವೆಂದುಕೊಂಡೆ, ಅದೂ ಬೇಡ. ಪ್ಲಾಟ್‌ಫಾರ್ಮಿನ ಬೆಳಕಿನಲ್ಲಿ ಮತ್ತೆ ಅವಳ ಕಣ್ಣನ್ನೇ ನೋಡುತ್ತೇನೆ.

ಸ್ಪ್ರೇ ಬ್ಯಾಗಿನ ಪಕ್ಕದ ಜೇಬಿನಲ್ಲಿದೆ. ಬೆಳಿಗ್ಗೆ ಒಂದೊಂದು ಮೂಗಿಗೆ ಒಂದೊಂದು ಸಲ. ಹೊದಿಕೆ ಬಿಸಿನೀರಿನಲ್ಲಿ ಒಗೆದದ್ದೇ ಇರಲಿ. ಊಟದ ವಿಷಯ ನಾನು ಏನೂ ಹೇಳುವುದಿಲ್ಲ. ಎರಡು ವಾರ ಅವಳು ನಿಮ್ಮವಳು.

ನನಗೆ ಬರೆಯಿರಿ. ಅವಳು ಏನು ಮಾತಾಡಿದಳು, ಯಾರ ಜೊತೆ ಆಡಿದಳು, ಕೆಳಗಿನ ತೋಟಕ್ಕೆ ಹೋದಳೇ, ಎಷ್ಟು ಹೊತ್ತು ಮಲಗಿದಳು, ಎಲ್ಲವನ್ನೂ ಬರೆಯಿರಿ. ಕಣ್ಣಿನ ಬಣ್ಣವನ್ನು ಮಾತ್ರ ಬರೆಯಬೇಡಿ. ನಾನು ಕೇಳುತ್ತೇನೆ, ಇವರ ಕೈಯಲ್ಲಿ ದಿನಾ ಚೀಟಿ ಕಳಿಸುತ್ತೇನೆ, ಬೇಡಿಕೊಳ್ಳುತ್ತೇನೆ. ಆಗಲೂ ಬರೆಯಬೇಡಿ.

ನಿಶ್ಮಿತಾ